ಹಾಸ್ಯ ಲೇಖಕರಿಗೆ ಬ್ಯಾಡಗಿಯ ಸತ್ಕಾರ

ನಮ್ಮ ಬ್ಯಾಡಗಿ ಮೆಣಸಿನಕಾಯಿ ಖಾರ ಇರುವುದಿಲ್ಲ, ಬರೀ ಬಣ್ಣ. ಮೆಣಸಿನಕಾಯಿ ದಲಾಲಿಯಾದ ನಾನು ಈ ಮಾತನ್ನು ಊರಿಗೆ ಬಂದ ಪ್ರತಿಯೊಬ್ಬ ವ್ಯಾಪಾರಿಗೂ ಎದೆ ಮುಟ್ಟಿಕೊಂಡು ಹೇಳುತ್ತ ಬಂದಿದ್ದೇನೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ನಂಬಿಬಿಟ್ಟೆ. ಅಲ್ಲೇ ಕೆಟ್ಟಿತು!

ಮನೆಗೆ ಕೇಬಲ್ಲು ಬಂದ ಮೇಲೆ ನನಗೆ ಸಂಜೆಯ ಹಾಸ್ಯ ಧಾರಾವಾಹಿಯೊಂದರ ಹುಚ್ಚು ಹಿಡಿಯಿತು. ಊರಿನವರೆಲ್ಲ ಅದರ ನಟರ ಅಭಿಮಾನಿಗಳು. ನಾನು ಅಂಥ ಸಾಮಾನ್ಯ ಅಭಿಮಾನಿಯಲ್ಲ. ನಾನು ಬರೆದವರ ಅಭಿಮಾನಿ! ಲೇಖಕರ ಹೆಸರು ಕೊನೆಯಲ್ಲಿ, ಜಾಹೀರಾತು ಶುರುವಾಗುವ ಮುಂಚೆ, ನಿಲ್ಲದೆ ಹೋಗುವ ಬಸ್ಸಿನ ಬೋರ್ಡಿನಂತೆ ಸರ್ರನೆ ಹಾದುಹೋಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋದರೆ? ಕೇಬಲ್ಲಿನವನು ಏನಾದರೂ ಕಿತಾಪತಿ ಮಾಡಿದರೆ? ಈ ಚಿಂತೆಯಲ್ಲಿ ಇಡೀ ಧಾರಾವಾಹಿಯನ್ನು ನಗದೆ ನೋಡುತ್ತಿದ್ದೆ. ಹೆಸರು ಕಂಡ ಕೂಡಲೇ ಕೈ ಮುಗಿಯುತ್ತಿದ್ದೆ.

"ನಗೂದು ಬಿಟ್ಟು ಕೈ ಮುಗಿಯೋ ಮಂದೀನ ಇದ ಮೊದ್ಲ ನೋಡಿದ್ದು ನಾನು," ಎನ್ನುತ್ತಿದ್ದಳು ನನ್ನ ಹೆಂಡತಿ ನಿರ್ಮಲಾ.

ಎದುರುಮನೆಯ ಚನ್ನಬಸಪ್ಪನಿಗೆ ಬೇರೆಯೇ ಸಂಶಯ. "ಅಲ್ರೀ, ಮಾತಾಡೋರೂ ಅವರ, ನಗಸೋರೂ ಅವರ. ನಡಕ ಈ ಬರಿಯೋ ಮನಶ್ಯಾಂದು ಏನ್ರಿ ಕೆಲಸ?"

"ಚನ್ನಬಸಪ್ಪ, ಆ ಮಾತು ಮೊದಲು ಹುಟ್ಟೂದ ಅವರ ತಲ್ಯಾಗ!"

"ಹಂಗಾರ ಅವರನ್ನ ಯಾಕ ತೋರ್ಸೂದಿಲ್ಲ? ನೋಡಾಕ ಚೊಲೋ ಇಲ್ಲೇನು?"

ಇಂಥ ರಸಿಕರ ನಡುವೆ ಬದುಕುತ್ತಿದ್ದ ನನಗೆ ಒಂದೇ ಒಂದು ಆಸೆ. ನಾನೇ ಕಟ್ಟಿದ ಒಂದು ನಗೆಪ್ರಸಂಗ ಆ ಲೇಖಕರ ಕಿವಿಗೆ ಬೀಳಬೇಕು, ಧಾರಾವಾಹಿಯಲ್ಲಿ ಬರಬೇಕು. ದಲಾಲಿಯೊಬ್ಬ ಮರೆತು ತೂಕದ ಕಲ್ಲನ್ನೇ ಹರಾಜಿಗೆ ಇಟ್ಟ ಪ್ರಸಂಗ ಅದು. ವರ್ಷಗಟ್ಟಲೆ ತಿದ್ದಿ ತೀಡಿದ್ದೆ. ಕೇಳಿದವರಾರೂ ಇದುವರೆಗೆ ನಕ್ಕಿರಲಿಲ್ಲ. ಅದು ಅವರ ಮಟ್ಟದ್ದಲ್ಲ, ಬಿಡಿ! "ಒಂದಿಲ್ಲೊಂದು ದಿನ ನನ್ನ ಮಾತು ಟೀವ್ಯಾಗ ಬರ್ತೈತಿ, ನೋಡೀರಂತ" ಎಂದು ಮಾರ್ಕೆಟ್ಟಿನ ತುಂಬ ಸಾರಿಬಿಟ್ಟಿದ್ದೆ.

ಅಷ್ಟರಲ್ಲಿ ಕದರಮಂಡಲಗಿಯಿಂದ ನನ್ನ ಅಕ್ಕ ಫೋನು ಮಾಡಿದಳು. ಅವಳ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ತರರು ಆ ಲೇಖಕರ ಷಡ್ಡಕರಂತೆ! ತಾಯಿ ಹೊತ್ತಿದ್ದ ಹರಕೆ ತೀರಿಸಲು ಲೇಖಕರು ಶನಿವಾರ ಅಲ್ಲಿಯ ಆಂಜನೇಯನ ಗುಡಿಗೆ ಬರುತ್ತಾರಂತೆ! ಮಾಸ್ತರರನ್ನು ಕಾಡಿ ಬೇಡಿ ಒಪ್ಪಿಸಿದೆ. ಗುಡಿಯಿಂದ ನೇರ ನಮ್ಮ ಮನೆಯಲ್ಲಿ ಊಟ, ಸಂಜೆ ರಾಣೆಬೆನ್ನೂರಿನಲ್ಲಿ ನಾನೇ ರೈಲು ಹತ್ತಿಸುವುದು.

"ಮದಲ ಪಡಸಾಲ್ಯಾಗಿನ ಚೀಲ ತಗಸ್ರಿ," ಎಂದಳು ನಿರ್ಮಲಾ. ಸುಗ್ಗಿಯ ಕಾಲ. ಗೋದಾಮು ತುಂಬಿ, ಮೆಣಸಿನಕಾಯಿ ಚೀಲಗಳು ಬೀಗರಂತೆ ಪಡಸಾಲೆಗೆ ಬಂದು ಕುಳಿತಿದ್ದವು.

"ಇರ್ಲಿ ಬಿಡ. ನಮ್ಮ ಕಾಯಿ ಖಾರ ಇಲ್ಲ, ಬರೇ ಬಣ್ಣ. ಅವರೂ ಒಮ್ಮೆ ನೋಡ್ಲಿ."

"ನಮಗ ರೂಢಿ ಐತ್ರಿ. ಅವರ ಮೂಗು ಬೆಂಗಳೂರಿಂದು!"

ಹೆಂಗಸರಿಗೆ ಮಾರ್ಕೆಟ್ಟಿನ ವಿಷಯ ಏನು ತಿಳಿಯುತ್ತದೆ ಎಂದು ನಕ್ಕೆ. ಆದರೆ ಶನಿವಾರ ಬೆಳಗಾದದ್ದೇ ಚಿಂತೆ ಶುರುವಾಯಿತು. ಅತಿಥಿಗಳು ಕುಳಿತುಕೊಳ್ಳುವುದೆಲ್ಲಿ? ಒಂದು ಚೀಲವನ್ನು ನಾನೇ ಎಳೆದು ಫ್ಯಾನಿನ ಕೆಳಗೆ ಸರಿಸಲು ಹೋದೆ. ಹೊಲಿಗೆ ಬಿಚ್ಚಿತು. ಚೆಲ್ಲಿದ್ದನ್ನು ಗುಡಿಸಿದೆ. ಕೆಂಪು ಧೂಳೆದ್ದಿತು. ಧೂಳು ಹೋಗಲೆಂದು ಫ್ಯಾನನ್ನು ಜೋರು ಮಾಡಿದೆ. ಹೊರಗಿನ ಗಾಳಿಗೆ ಅತಿಥಿಗಳಿಗೆ ನೆಗಡಿಯಾದೀತೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಮೆಣಸಿನಪುಡಿ ಗಿರಣಿಯವರು ಯಂತ್ರ ಇಟ್ಟುಕೊಂಡು ಮಾಡುವ ಕೆಲಸವನ್ನು ಬರಿಗೈಯಲ್ಲಿ ಮುಗಿಸಿದ್ದೆ! ನನಗೇನೂ ಅನ್ನಿಸಲಿಲ್ಲ. ನನ್ನದು ಹುಟ್ಟಾ ದಲಾಲಿ ಮೂಗು.

ಮಧ್ಯಾಹ್ನ ಮಾಸ್ತರರು ಲೇಖಕರನ್ನು ನಮ್ಮ ಬಾಗಿಲಿಗೆ ಬಿಟ್ಟು ಹೋದರು. ತೆಳ್ಳಗಿನ, ಮೆಲು ಮಾತಿನ ಮನುಷ್ಯ. ಓಣಿಯ ಅರ್ಧ ಮಂದಿ ಬಾಗಿಲಲ್ಲಿ ನೆರೆದಿದ್ದರು. ಶಾಲು ಹೊದಿಸಿ, ಫ್ಯಾನಿನ ಕೆಳಗೆ ಕೂರಿಸಿ, ತಡಮಾಡದೆ ಶುರು ಮಾಡಿದೆ. "ಸರ್, ಒಬ್ಬ ದಲಾಲಿ ಇದ್ದ..."

"ಆಕ್ಷೀ!"

ಬಾಗಿಲಲ್ಲಿದ್ದವರು ಘೊಳ್ಳೆಂದು ನಕ್ಕರು. ಚಪ್ಪಾಳೆ ಬೇರೆ!

"ಇಲ್ಲ, ನನಗೆ ನಿಜವಾಗ್ಲೂ... ಆಕ್ಷೀ!"

"ನಿಜವಾಗ್ಲೂ ಅಂತಾರ ನೋಡ್ರಿ!" ಚನ್ನಬಸಪ್ಪ ಹೊಟ್ಟೆ ಹಿಡಿದುಕೊಂಡ. "ತಾವು ಒಂದೀಟೂ ನಗಂಗಿಲ್ಲ, ನಮ್ಮನ್ನ ನಗಸ್ತಾರ! ಇವರನ್ನ ಬಿಟ್ಟು ಟೀವ್ಯಾಗ ಯಾರ್‍ಯಾರನ್ನೋ ತೋರಸ್ತಾರಲ್ಲ!"

ಲೇಖಕರ ಕಣ್ಣು ನಮ್ಮ ಕಾಯಿಯ ಬಣ್ಣಕ್ಕೆ ತಿರುಗಿತು. ಒಂದನೆಯ ದರ್ಜೆಯ ಬಣ್ಣ! ನನಗೆ ಗಾಬರಿಯಾಯಿತು. ಗಾಳಿ ತಾಗಿದೆಯೆಂದು ಬಾಗಿಲನ್ನೂ ಅರ್ಧ ಮುಚ್ಚಿದೆ. "ನೀರು..." ಎಂದು ಅವರು ಕೈ ಮಾಡಿದರು. ನೆಗಡಿಗೆ ತಣ್ಣೀರು ಕೆಟ್ಟದ್ದೆಂದು ಕರಿಮೆಣಸಿನ ಕಷಾಯಕ್ಕೆ ಕೂಗಿದೆ. ಅಷ್ಟರಲ್ಲಿ ಚನ್ನಬಸಪ್ಪ ತನ್ನ ಡಬ್ಬಿ ತೆಗೆದ. "ಒಂದು ಚಿಟಿಗಿ ನಶ್ಯ ಏರಸ್ರಿ ಸಾಹೇಬ್ರ. ಮುಳ್ಳಿಗೆ ಮುಳ್ಳ ಮದ್ದು!" ಬೇಡವೆನ್ನಲು ಲೇಖಕರು ಉಸಿರೆಳೆದುಕೊಂಡರು. ಚಿಟಿಕೆ ಮೂಗಿನ ಹತ್ತಿರವೇ ಇತ್ತು. ಒಳಗೆ ಹೋಯಿತು.

ಮುಂದಿನದನ್ನು ವರ್ಣಿಸಲಾರೆ. ಶಾಲು ಒಂದು ಕಡೆ, ಕನ್ನಡಕ ಒಂದು ಕಡೆ. ಆದರೂ ನಾನು ಕೈಬಿಡಲಿಲ್ಲ. "ಸರ್, ಆ ದಲಾಲಿ ತೂಕದ ಕಲ್ಲನ್ನ..."

"ಆಕ್ಷೀ! ಆಕ್ಷೀ!"

ಆಗ ಅಡುಗೆಮನೆಯಿಂದ ನಿರ್ಮಲಾ ಬಂದಳು. ಕೈಯಲ್ಲಿ ರೊಟ್ಟಿ ಹಿಟ್ಟು. ನಾಲ್ಕೂ ಕಡೆ ನೋಡಿದಳು.

"ಅವರನ್ನರೆ ಹೊರಗ ಕರ್ಕೊಂಡು ಹೋಗ್ರಿ, ಇಲ್ಲಾ ಚೀಲರೆ ಹೊರಗ ಹಾಕ್ರಿ. ಎರಡೂ ಆಗಂಗಿಲ್ಲಂದ್ರ ನೀವರೆ ಹೊರಗ ನಡೀರಿ. ಅರ್ಧ ಧೂಳು ತಾನ ಇಳೀತೈತಿ!"

ಲೇಖಕರು ಸೀನುತ್ತಲೇ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. "ಅಮ್ಮಾ, ಅದನ್ನ ಇನ್ನೊಂದ್ಸಲ ಹೇಳಿ," ಎಂದರು. ಹೊರಗಿನ ಕಟ್ಟೆಯ ಮೇಲೆ ಕುಳಿತು, ಮೂಗಿಗೆ ಕರವಸ್ತ್ರ ಹಿಡಿದು, ರೊಟ್ಟಿ ಬದನೆಕಾಯಿ ಪಲ್ಯ ಉಂಡರು. ನನ್ನ ಶಾಲನ್ನು ಕೂಡ ದೂರ ಇಟ್ಟಿದ್ದರು.

ರಾಣೆಬೆನ್ನೂರಿನ ಪ್ಲಾಟ್‌ಫಾರ್ಮಿನಲ್ಲಿ ಅಂತೂ ನನ್ನ ಪ್ರಸಂಗವನ್ನು ಪೂರ್ತಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ರೈಲು ಹತ್ತಿ, ಬಾಗಿಲಲ್ಲಿ ನಿಂತು, "ಆಮೇಲೆ?" ಎಂದರು.

"ಅಷ್ಟ ಸರ್. ಮುಗೀತು."

"ಓ," ಎಂದರು. ರೈಲು ಹೊರಟಿತು. ಆ 'ಓ'ಗೆ ಬ್ಯಾಡಗಿ ಮುಟ್ಟುವಷ್ಟರಲ್ಲಿ ಬಲು ಒಳ್ಳೆಯ ಅರ್ಥ ಹಚ್ಚಿಕೊಂಡಿದ್ದೆ.

ಮುಂದೆ ದಿನಾ ಕಾದೆ. ಮುಂಗಾರು ಶುರುವಾಗುವ ಹೊತ್ತಿಗೆ ಒಂದು ಸಂಜೆ ಧಾರಾವಾಹಿಯಲ್ಲಿ ಅತಿಥಿಯೊಬ್ಬ ಯಾರದೋ ಮನೆಗೆ ಬಂದು ಸೀನತೊಡಗಿದ. "ಬಂತು, ಬಂತು!" ಎಂದು ಕೂಗಿ ಓಣಿಯವರನ್ನೆಲ್ಲ ಕರೆದು ಕೂರಿಸಿದೆ. ಅಡುಗೆಮನೆಯಿಂದ ನಾಯಕಿ ಬಂದಳು. ಕೈಯಲ್ಲಿ ಹಿಟ್ಟು. ನೀವರೆ ಹೊರಗ ನಡೀರಿ, ಅರ್ಧ ಧೂಳು ತಾನ ಇಳೀತೈತಿ! ಒಂದಕ್ಷರ ಬದಲಿಸಿರಲಿಲ್ಲ. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು.

"ವೈನೀ, ನಿಮ್ಮ ಮಾತು ಟೀವ್ಯಾಗ ಬಂತಲ್ರೀ!" ಚನ್ನಬಸಪ್ಪ ಎದ್ದು ನಿಂತು ನಿರ್ಮಲಾಗೆ ಕೈ ಮುಗಿದ. "ಬರಿಯೋರು ಅಂದ್ರ ಏನಂತ ಇವತ್ತು ತಿಳೀತ್ ನೋಡ್ರಿ!"

ನನ್ನ ತೂಕದ ಕಲ್ಲು ಎಲ್ಲೂ ಬರಲಿಲ್ಲ. ನಾನೇನೋ ಬಂದಿದ್ದೆ. ಆ ಮನೆಯ ಯಜಮಾನ ಬಾಯಿ ತೆರೆದುಕೊಂಡು ಚೀಲಗಳ ನಡುವೆ ನಿಂತಿದ್ದ. ಅವನಿಗೆ ಒಂದೇ ಒಂದು ಮಾತನ್ನೂ ಬರೆದಿರಲಿಲ್ಲ.

"ಆ ಗಂಡನ ಪಾರ್ಟಿನಾಂವ ಭಾಳ ಚೊಲೋ ಮಾಡ್ಯಾನ," ಎಂದಳು ನಿರ್ಮಲಾ.

ಕೊನೆಯಲ್ಲಿ ಲೇಖಕರ ಹೆಸರು ಬಂತು. ಕರೆಂಟು ಹೋಗಲಿಲ್ಲ, ಕೇಬಲ್ಲು ಕೆಡಲಿಲ್ಲ. ಆದರೂ ಓದಲಾಗಲಿಲ್ಲ.

"ಯಾಕ್ರೀ, ಕಣ್ಣಾಗ ನೀರು?"

"ಏನಿಲ್ಲ. ಮೆಣಸಿನಕಾಯಿ ಧೂಳು."

"ಅಯ್ಯ, ನಮ್ಮ ಕಾಯಿ ಖಾರ ಇಲ್ಲಲ್ರೀ," ಎಂದಳು ನಿರ್ಮಲಾ, "ಬರೇ ಬಣ್ಣ!"