ಗೋಡೆಗೆ ಮುಖ ಮಾಡಿ ತಿಂದ ಒಗ್ಗರಣೆ

ಹೋಟೆಲಿಗೆ ಹೋಗುವಾಗ ಏನು ತಿನ್ನಬೇಕೆಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಯಾರ ಜೊತೆ ತಿನ್ನಬೇಕೆಂದು ಯಾರೂ ಯೋಚಿಸುವುದಿಲ್ಲ. ನಾನು ಯೋಚಿಸಿದ್ದೇನೆ. ಗೆಳೆಯರ ಜೊತೆ ಹೋದರೆ ನಮ್ಮ ತಟ್ಟೆಯ ಮಿರ್ಚಿ ಬಜ್ಜಿ ನಮ್ಮದಲ್ಲ. ಸಾಹೇಬರ ಜೊತೆ ಹೋದರೆ ಚಮಚದಲ್ಲಿ ತಿನ್ನಬೇಕು. ಮಂಡಕ್ಕಿ ಒಗ್ಗರಣೆಯನ್ನು ಚಮಚದಲ್ಲಿ ತಿಂದರೆ ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಹೆಂಡತಿಯ ಜೊತೆ ಹೋದರೆ ಇದನ್ನು ಮನೆಯಲ್ಲೇ ಮಾಡಬಹುದಿತ್ತು ಎಂಬ ಮಾತನ್ನು ಪ್ರತಿ ತುತ್ತಿಗೂ ನಂಜಿಕೊಳ್ಳಬೇಕು. ಇಷ್ಟೆಲ್ಲ ಅನುಭವವಿದ್ದ ನನಗೂ ಅತ್ತೆಯ ಜೊತೆ ಹೋಟೆಲಿಗೆ ಹೋಗುವುದು ಹೇಗೆಂದು ತಿಳಿದಿರಲಿಲ್ಲ. ನಮ್ಮ ಕಡೆ ಅದನ್ನು ಹೇಳಿಕೊಡುವವರೂ ಇಲ್ಲ, ಏಕೆಂದರೆ ಹೋಗಿ ಬಂದವರೇ ಇಲ್ಲ.

ನನ್ನ ಅತ್ತೆ ನೀಲಮ್ಮನವರು ತಂಬ್ರಹಳ್ಳಿಯವರು, ಹಳೆಯ ಕಾಲದವರು. ಅಳಿಯನ ಎದುರು ಕೂರಬಾರದು, ಅವನೊಡನೆ ನೇರವಾಗಿ ಮಾತಾಡಬಾರದು, ಅವನ ಕಣ್ಣೆದುರು ಉಣ್ಣುವುದಂತೂ ಕೂಡದೇ ಕೂಡದು ಎಂಬುದು ಅವರ ಪದ್ಧತಿ. ಅಳಿಯ ಉಂಡು, ಕೈತೊಳೆದು, ಮರೆಯಾದ ಮೇಲೆಯೇ ಅವರ ತಾಟು. ನಮ್ಮ ಮದುವೆಯಾಗಿ ಈಗ ಮಗಳೇ ಕಾಲೇಜು ಸೇರಿದ್ದಾಳೆ. ನಾನು ಅತ್ತೆಯವರಲ್ಲಿ ಇದುವರೆಗೆ ಸರಿಯಾಗಿ ಕಂಡಿರುವುದು ತಲೆಯ ಮೇಲಿನ ಸೆರಗು ಮತ್ತು ಅಡುಗೆಮನೆಯ ಬಾಗಿಲಿನಿಂದ ಬಿಸಿ ರೊಟ್ಟಿ ಚಾಚುವ ಕೈ, ಇಷ್ಟೇ. ಆ ಕೈಗೆ ನನ್ನ ಹಸಿವು ನನಗಿಂತ ಚೆನ್ನಾಗಿ ಗೊತ್ತು. ಒಮ್ಮೆ ನಾನು ಹೇಳದೆ ಕೇಳದೆ ಅವರ ಮನೆಗೆ ಹೋದಾಗ ಅವರು ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದರು. ನನ್ನನ್ನು ಕಂಡದ್ದೇ ತಾಟಿನ ಮೇಲೆ ಮೊರ ಕವುಚಿ ಒಳಗೆ ಓಡಿದರು. ನಾನೂ ಸಂಭಾವಿತ. ಏನೂ ನೋಡಲಿಲ್ಲವೆಂಬಂತೆ ಜಂತೆಯತ್ತ ಕಣ್ಣು ನೆಟ್ಟು ನಡೆದೆ, ಎದುರಿನ ಕಂಬಕ್ಕೆ ಹಣೆ ಬಡಿಯಿತು. ಬುಗುಟಿಗೆ ಹಚ್ಚಲು ಅರಿಶಿನ ಅರೆದು ಕೊಟ್ಟರು, ಅದೂ ಪಕ್ಕದ ಮನೆಯ ಅಜ್ಜಿಯನ್ನು ಕರೆದು ಅವಳ ಕೈಯಲ್ಲಿ.

ಅವರಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗುತ್ತಾರೆ. ಕರೆದೊಯ್ಯುವವಳು ನನ್ನ ಹೆಂಡತಿ ಗಿರಿಜಾ. ಈ ಸಲ ಶಾಲೆಯ ಕೆಲಸವೆಂದು ಅವಳು ಬೆಳಿಗ್ಗೆಯೇ ಹಡಗಲಿಗೆ ಹೊರಟಳು, ಅತ್ತೆಯವರು ನನ್ನ ಪಾಲಿಗೆ ಬಂದರು. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಡಿಸಿ, ಆಮೇಲೆ ಇಡ್ಲಿ ತಿನ್ನಿಸಿ, ಎರಡು ತಾಸು ಬಿಟ್ಟು ಮತ್ತೊಮ್ಮೆ ಕೊಡಿಸಬೇಕು; ಇಡ್ಲಿ ಬಿಟ್ಟು ಬೇರೇನೂ ಕೂಡದು ಎಂದು ಬಸ್ಸು ಹತ್ತುವವರೆಗೂ ಹೇಳಿದಳು. ಮೊದಲನೆಯದು ಸಲೀಸಾಗಿ ಮುಗಿಯಿತು. ಆದರೆ ಲ್ಯಾಬಿನಿಂದ ಹೊರಬರುವಾಗ ಅತ್ತೆಯವರು ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದರು. ಹಿಂದಿನ ಸಂಜೆಯಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಮ್ಮ ಮನೆ ದೂರ, ಮನೆಗೆ ಹೋದರೂ ಅಡುಗೆ ಮಾಡುವವನು ನಾನೇ. ಆ ಅಪಾಯ ಬೇಡವೆಂದು ಎದುರಿಗಿದ್ದ ಹಂಪಮ್ಮನ ಅಂಗಡಿಗೆ ಕರೆದೊಯ್ದೆ.

ಹಂಪಮ್ಮನ ಅಂಗಡಿ ಎಂದರೆ ತಗಡಿನ ಚಪ್ಪರ, ಮುಂದೆ ದೊಡ್ಡ ಬಾಣಲೆ, ಒಳಗೆ ಒಂದು ಉದ್ದ ಮೇಜು, ಅದರ ಎರಡೂ ಬದಿಗೆ ಬೆಂಚು, ಒಂದು ಬೆಂಚಿನ ಹಿಂದೆ ಸುಣ್ಣದ ಗೋಡೆ. ಇಡ್ಲಿ ಬೆಳಿಗ್ಗೆ ಮಾತ್ರ. ಒಗ್ಗರಣೆ, ಮಿರ್ಚಿ ದಿನವಿಡೀ. ಅತ್ತೆಯವರು ಈ ಬೆಂಚಿನ ತುದಿಯಲ್ಲಿ ಸೆರಗು ಎಳೆದುಕೊಂಡು ಕುಳಿತರು. ನಾನು ಆ ಬೆಂಚಿನ ತುದಿಯಲ್ಲಿ ಜೇಬಿನೊಳಗೆ ಏನೋ ಹುಡುಕುತ್ತ ಕುಳಿತೆ. ಇಡ್ಲಿ ಬಂತು, ಅವರು ಮುಟ್ಟಲಿಲ್ಲ. ನಾನಿದ್ದರೆ ಸಂಕೋಚವೆಂದು ರಸ್ತೆಗೆ ಹೋಗಿ ನಿಂತೆ. ಸ್ವಲ್ಪ ಹೊತ್ತು ಬಿಟ್ಟು ಇಣುಕಿದರೆ ಇಡ್ಲಿ ಹಾಗೆಯೇ ಇದೆ. ಹಂಪಮ್ಮ ಸೌಟು ಹಿಡಿದುಕೊಂಡೇ ಬಂದು, "ಅಳಿಯಂದ್ರು ಉಣ್ಣದ ನಾ ಹೆಂಗ ಉಣ್ಣಲಿ ಅಂತಾರ್ರಿ ಅಮ್ಮಾರು. ಒಳಗ ಬರ್ರಿ," ಎಂದಳು. ಒಳಗೆ ಬಂದು ಒಗ್ಗರಣೆ ತರಿಸಿಕೊಂಡು ತಿನ್ನತೊಡಗಿದೆ. ಈಗ ಎದುರಿಗೆ ಅಳಿಯ ಇದ್ದಾನಲ್ಲ, ಆದ್ದರಿಂದ ತಿನ್ನುವಂತಿಲ್ಲ. ಹೊರಗೆ ಹೋದರೆ ಅಳಿಯ ಉಪವಾಸ, ಒಳಗೆ ಬಂದರೆ ಅಳಿಯ ಎದುರಿಗೆ. ಈ ನಡುವೆ ಮೇಜಿನ ಮೇಲಿದ್ದ ಅವರ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇಷ್ಟು ವರ್ಷ ನನಗೆ ರೊಟ್ಟಿ ಬಡಿಸಿದ ಕೈ ಅದು, ನನ್ನೆದುರಿಗೇ ಹಸಿದು ನಡುಗುತ್ತಿತ್ತು.

ನಾನು ತಟ್ಟೆ ಎತ್ತಿಕೊಂಡು ಬೆಂಚಿನ ಮೇಲೆ ಹಿಂದುಮುಂದಾಗಿ ಗೋಡೆಗೆ ಮುಖ ಮಾಡಿ ಕುಳಿತೆ. ಅಳಿಯ ಉಣ್ಣುತ್ತಲೂ ಇದ್ದಾನೆ, ನೋಡುತ್ತಲೂ ಇಲ್ಲ. ಇದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆಯಲಿಲ್ಲ. ಮೂಗಿನಿಂದ ಗೇಣು ದೂರದಲ್ಲಿ ಸುಣ್ಣದ ಗೋಡೆ. ನಮ್ಮ ಕಚೇರಿಯ ಜವಾನ ಪಾರ್ಸೆಲ್ ಒಯ್ಯಲು ಬಂದವನು, "ಯಾಕ್ರಿ ಸರ, ಯಾರ ಮ್ಯಾಲ ಸಿಟ್ಟು?" ಎಂದು ಕೇಳಿದ. ಗಾಳಿ ಇತ್ತ ಚೆನ್ನಾಗಿ ಬರುತ್ತದೆ ಎಂದೆ. ಗೋಡೆಯಲ್ಲಿ ಕಿಟಕಿ ಇರಲಿಲ್ಲ. ಅವನು ಪಾರ್ಸೆಲ್ ಎತ್ತಿಕೊಂಡು ಹೋದ.

ಬೆನ್ನ ಹಿಂದೆ ತಟ್ಟೆ ಸರಿದ ಸದ್ದು, ಬಳೆಯ ಸದ್ದು. ಇಡ್ಲಿ ಮುಗಿಯಿತೆಂದು ನೆಮ್ಮದಿಯಿಂದ ಉಸಿರುಬಿಡುವಷ್ಟರಲ್ಲಿ ಮೆಲುದನಿ ಕೇಳಿತು: "ತಂಗಿ, ಆ ಮಿರ್ಚಿ ಒಂದು ಹಾಕವ್ವ." ನನ್ನ ಕೈ ತಟ್ಟೆಯಲ್ಲೇ ನಿಂತಿತು. ತಿರುಗಿ ಬೇಡವೆನ್ನಲೇ? ತಿರುಗಿದರೆ ಅವರು ಆ ಮಿರ್ಚಿ ಮಾತ್ರವಲ್ಲ, ಇನ್ನೆಂದೂ ಹೋಟೆಲಿನ ನೀರನ್ನೂ ಮುಟ್ಟುವುದಿಲ್ಲ. ಗಿರಿಜಾ ಹೇಳಿದ್ದು ಕಿವಿಯಲ್ಲಿತ್ತು, ಮಿರ್ಚಿಯ ಕರುಂ ಕುರುಂ ಕೂಡ ಅದೇ ಕಿವಿಗೆ ಬಿತ್ತು. ನಾನು ಗೋಡೆ ನೋಡುತ್ತ ಕುಳಿತೆ. ಆಗ ಅತ್ತೆಯವರು ಹಂಪಮ್ಮನಿಗೆ ಹೇಳಿದರು: "ನಮ್ಮನಿಯವ್ರು ಇದ್ದಾಗ ಸಂತಿಯಿಂದ ಟವಲ್‌ನ್ಯಾಗ ಕಟ್ಕೊಂಡು ತರ್ತಿದ್ರವ್ವ. ಮನಿ ಮುಟ್ಟೋದ್ರಾಗ ತಣ್ಣಗ, ಮೆತ್ತಗ ಆಗಿರ್ತಿದ್ವು. ಬಾಣಲಿಯಿಂದ ತಗದಿದ್ದು ತಿಂದಿದ್ದು ಇದ ಮೊದಲು ನೋಡು."

ನನ್ನ ತಟ್ಟೆಗೆ ಸಾವಿರ ಸಲ ಬಿಸಿಬಿಸಿ ಹಾಕಿದವರು ಈ ವಯಸ್ಸಿಗೆ ತಮ್ಮ ತಟ್ಟೆಯಲ್ಲಿ ಬಿಸಿ ಕಂಡಿದ್ದರು. ಹಂಪಮ್ಮ ಕೇಳದೆಯೇ ಇನ್ನೊಂದು ಹಾಕಿದಳೆಂದು ಕಾಣುತ್ತದೆ. ಒಗ್ಗರಣೆಯೂ ಬಂದ ಹಾಗಾಯಿತು. ನಾನು ನೋಡಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ.

ಸಂಜೆ ಗಿರಿಜಾ ಎರಡನೆಯ ಸಲದ ರಕ್ತದ ವರದಿ ನೋಡಿ ಹೌಹಾರಿದಳು. ಸಕ್ಕರೆ ಎಂದಿಗಿಂತ ಏರಿತ್ತು. ಅವ್ವ ಏನು ತಿಂದಳೆಂದು ನನ್ನನ್ನು ಕೇಳಿದಳು. ನೋಡಲಿಲ್ಲ ಎಂದೆ. ಇಡ್ಲಿ ತಿಂದೆ ಎಂದು ಅಡುಗೆಮನೆಯಿಂದ ಉತ್ತರ ಬಂತು. ಇಬ್ಬರೂ ಸುಳ್ಳು ಹೇಳಲಿಲ್ಲ. ಜೊತೆಗೆ ಹೋಗಿ ನೋಡಲಿಲ್ಲವೆಂದರೆ ಏನರ್ಥ ಎಂದು ಅವಳು ನನಗೆ ಊಟ ಮುಗಿಯುವವರೆಗೂ ಚೆನ್ನಾಗಿಯೇ ಬಡಿಸಿದಳು.

ಮರುದಿನ ಊರಿಗೆ ಹೊರಟ ಅತ್ತೆಯವರು ಹೊಸ್ತಿಲಲ್ಲಿ ನಿಂತು ಮಗಳಿಗೆ, ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಬರೋ ತಿಂಗಳ ಅಳಿಯಂದ್ರ ಜೋಡಿನ ಹೋಗ್ತೀನಿ. ನೀ ಬ್ಯಾಡವ್ವ." ಗಿರಿಜಾ ಬೆರಗಾಗಿ ಯಾಕೆಂದು ಕೇಳಿದಳು.

"ಅವ್ರು ತಿರುಗಿ ನೋಡಂಗಿಲ್ಲ."

ಗಿರಿಜಾ ನನ್ನತ್ತ ತಿರುಗಿ ನೋಡಿದಳು. ತನ್ನ ಹೆತ್ತ ತಾಯಿ ಇದ್ದಾಳೋ ಬಿದ್ದಾಳೋ ತಿರುಗಿ ನೋಡದ ಗಂಡ ಎಂದು ಅಂದು ಆರಂಭವಾದದ್ದು ಇಂದಿಗೂ ಮುಗಿದಿಲ್ಲ. ಅತ್ತೆಯವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದು ಹೊಗಳಿಕೆ ಎಂದು ಹೆಂಡತಿಗೆ ಬಿಡಿಸಿ ಹೇಳುವ ಹಾಗಿಲ್ಲ.