ಕೊನೇ ಹಾಳಿ ಕಾಕಾನ ಪೆಟ್ಟಿಗೆಯಲ್ಲಿ

ಚಿತ್ರಕಥೆ ಪುಸ್ತಕ ಕೂಡಿಸುವ ಚಟ ಇದ್ದವನಿಗೆ ನಗೆಪಾಟಲು ತಪ್ಪಿದ್ದಲ್ಲ. ಅದರಲ್ಲೂ ಎರಡು ಮಕ್ಕಳಾದ ಮೇಲೆ, ಸರಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ ಈ ಚಟ ಉಳಿಸಿಕೊಂಡವನ ಪಾಡು ಕೇಳಲೇಬೇಡಿ. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಿತ್ರಕಥೆ ಕೊಂಡರೆ ಸಾಕು, ಅಂಗಡಿಯವ "ಮಗ ಎಷ್ಟನೇ ಕ್ಲಾಸಿಗಿ ಹೋಗ್ತಾನ್ರಿ?" ಎನ್ನುತ್ತಾನೆ. "ನನಗೇ ಬೇಕಾಗೇದಪಾ" ಎಂದರೆ ಮೇಲಿಂದ ಕೆಳಗೆ ಒಮ್ಮೆ ನೋಡಿ, ಚಿಲ್ಲರೆಯನ್ನು ದೂರದಿಂದಲೇ ಕೊಡುತ್ತಾನೆ. ಇರಲಿ. ಈ ಚಟದಿಂದಾಗಿ ನನಗೆ ಎಂಥೆಂಥ ಮಂದಿ ಸಿಕ್ಕರು ಅಂತೀರಿ! ಅವರ ಮುಂದೆ ನನ್ನ ನಗೆಪಾಟಲು ಯಾವ ಲೆಕ್ಕ.

ಕಾಕಾನ ಕಾನೂನು

ನಾನು ಹೊಸದಾಗಿ ನೌಕರಿಗೆ ಸೇರಿದ್ದು ಹುಮನಾಬಾದಿನಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಒಬ್ಬರು ಚಿತ್ರಕಥೆ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ. ಊರಿಗೆಲ್ಲ ಅವರು ಕಾಕಾ.

ನಮ್ಮ ಕಡೆಯ ರೂಢಿ ಏನೆಂದರೆ, ಒಯ್ದ ಪುಸ್ತಕವನ್ನು ಓದಿ ಪಕ್ಕದ ಮನೆಗೆ ಕೊಡುವುದು, ಪಕ್ಕದ ಮನೆಯವರು ಬೀಗರಿಗೆ ಕೊಡುವುದು. ಹುಡಗಿ ಎಂಬ ಊರಿಗೆ ಹೋದ ಪುಸ್ತಕ ಹುಲಸೂರಿನಲ್ಲಿ ಸಿಗುತ್ತಿತ್ತು. ಬೇಸತ್ತ ಕಾಕಾ ಒಂದು ಕಾನೂನು ಮಾಡಿದರು. ಕಲಬುರ್ಗಿಯಿಂದ ಪುಸ್ತಕದ ಗಂಟು ಬಂದ ಕೂಡಲೇ ಪ್ರತಿ ಪುಸ್ತಕದ ಕೊನೆಯ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ, ನಂಬರು ಬರೆದು, ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಬಿಡುವುದು. ಪುಸ್ತಕ ಮನೆಗೆ ಒಯ್ಯಬಹುದು. ಕೊನೆಗೆ ಏನಾಯಿತು ಎಂದು ತಿಳಿಯಬೇಕಾದರೆ ಪುಸ್ತಕ ತಂದು ಒಪ್ಪಿಸಬೇಕು. ಆಗ ಆ ಒಂದು ಹಾಳೆ ಕೈಗೆ ಸಿಗುತ್ತಿತ್ತು. ಅಲ್ಲೇ ಕಟ್ಟಿಗೆಯ ಬಾಕಿನ ಮೇಲೆ ಕೂತು ಓದಿ ಮರಳಿ ಕೊಡಬೇಕು. ಅಂಥ ತಲೆ ನಮ್ಮ ಇಲಾಖೆಯ ಒಬ್ಬ ಸಾಹೇಬನಿಗೂ ಇರಲಿಲ್ಲ.

ಒಮ್ಮೆ ಪೊಲೀಸ್ ಜಮಾದಾರರು ಪುಸ್ತಕ ಮನೆಯಲ್ಲೇ ಬಿಟ್ಟು ಬಂದು, ಕೊನೇ ಹಾಳೆ ತೋರಿಸು ಎಂದು ಲಾಠಿ ಕುಟ್ಟಿದರು. "ಕಳ್ಳ ಯಾರಂತ ಪೊಲೀಸರಿಗಿ ಹೇಳಂಗಿಲ್ಲೇನು?"

ಕಾಕಾ ಕೈಮುಗಿದರು. "ಸಾಹೇಬ್ರ, ಕಳ್ಳನ್ನ ಹಿಡಿಯೂದು ನಿಮ್ಮ ಕೆಲಸ. ಪುಸ್ತಕ ಹಿಡಿಯೂದು ನಂದು." ಜಮಾದಾರರು ಮನೆಗೆ ಹೋಗಿ ಪುಸ್ತಕ ತಂದರು.

ನನ್ನ ಗ್ರಹಚಾರ ಕೆಟ್ಟದ್ದು ನೂರಾ ಹದಿನೇಳನೇ ನಂಬರಿನ ಪುಸ್ತಕದಿಂದ. ರಾಣಿಯ ಮುತ್ತಿನ ಹಾರ ಕಳುವಾಗಿದೆ. ಗೂಢಚಾರ ಬಂದು ದಿವಾನ, ವೈದ್ಯ, ದಾಸಿ, ಅಡುಗೆಯವ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ, ಬೆರಳೆತ್ತಿ, "ಕಳ್ಳ ಇಲ್ಲೇ ಇದ್ದಾನೆ, ಅವನು ಬೇರೆ ಯಾರೂ ಅಲ್ಲ..." ಎನ್ನುತ್ತಾನೆ. ಅಷ್ಟಕ್ಕೆ ಹಾಳೆ ಮುಗಿಯುತ್ತದೆ. ಪುಸ್ತಕ ಒಯ್ದ ಮರುದಿನವೇ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಗಡಿಬಿಡಿಯಲ್ಲಿ ಪುಸ್ತಕವೂ ಸಾಮಾನಿನ ಜೊತೆ ಬಂತು. ಎರಡು ತಿಂಗಳು ಬಿಟ್ಟು ಹೋಗಿ ನೋಡಿದರೆ ಅಂಗಡಿಯೇ ಇಲ್ಲ, ಅಲ್ಲೊಂದು ಚಹಾದ ಹೋಟೆಲು. ಕಾಕಾ ಪೆಟ್ಟಿಗೆ ಸಮೇತ ಮಗಳ ಊರಿಗೆ ಹೋದರಂತೆ. ಯಾವ ಊರು ಎಂದು ಹೋಟೆಲಿನವನಿಗೆ ಗೊತ್ತಿರಲಿಲ್ಲ.

ಹಾರ ಕದ್ದವನು ದಿವಾನನೇ ಎಂದು ನನ್ನ ಲೆಕ್ಕ. ಆದರೆ ಖಾತ್ರಿ ಮಾಡುವವರು ಯಾರು? ಊಟಕ್ಕೆ ಕೂತರೂ ಅದೇ, ಪಾಠ ಹೇಳುವಾಗಲೂ ಅದೇ. ಹನ್ನೊಂದು ವರ್ಷ ಆ ಗೂಢಚಾರ ನನ್ನ ಮನೆಯಲ್ಲಿ ಬೆರಳು ಎತ್ತಿಕೊಂಡೇ ನಿಂತಿದ್ದ.

ಚಾಚಾನ ಕಥೆ

ಬಸವಕಲ್ಯಾಣದಲ್ಲಿ ನನಗೆ ಸಿಕ್ಕ ಮೊದಲ ಜೊತೆಗಾರ ಕೋಟೆಯ ಹಾದಿಯಲ್ಲಿದ್ದ ದರ್ಜಿ ಚಾಚಾ. ಅವರ ಹೊಲಿಗೆ ಮಷಿನ್ನಿನ ಕೆಳಗೆ ಬಟ್ಟೆಯ ಗಂಟಿಗಿಂತ ಚಿತ್ರಕಥೆಯ ಗಂಟು ದೊಡ್ಡದಿತ್ತು. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು, ಕನ್ನಡ ಮಾತಾಡುತ್ತಿದ್ದರೇ ಹೊರತು ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿಯೇ ಕಥೆ ತಿಳಿದುಕೊಳ್ಳುತ್ತಿದ್ದರು. ಹಿಂದೊಮ್ಮೆ ಹುಮನಾಬಾದಿನಲ್ಲಿದ್ದಾಗ ಅವರೂ ಕಾಕಾನ ಗಿರಾಕಿಯೇ. ಒಂದು ದಿನವೂ ಕೊನೇ ಹಾಳೆ ಕೇಳದೆ ಪುಸ್ತಕ ಮರಳಿಸುತ್ತಿದ್ದ ಒಬ್ಬರೇ ಒಬ್ಬರು ಇವರಂತೆ. ಇವರನ್ನು ಯಾರೋ ಸೂಫಿ ಸಂತ ಎಂದೇ ಕಾಕಾ ತಿಳಿದಿದ್ದರು.

ಅದರ ಗುಟ್ಟು ನನಗೆ ತಿಳಿದದ್ದು ಚಾಚಾ ಒಂದು ಕಥೆ ಹೇಳಿದಾಗ. ರಾಜಕುಮಾರ ರಾಕ್ಷಸನನ್ನು ಕೊಂದು ರಾಜಕುಮಾರಿಯನ್ನು ಬಿಡಿಸಿ ತರುವ ಪುಸ್ತಕ ಅದು, ನನಗೆ ಬಾಯಿಪಾಠ. ಚಾಚಾ ಹೇಳಿದ್ದು ಹೀಗೆ:

"ನೋಡ್ರಿ ಮಾಸ್ತರಸಾಬ್, ಮೊದಲ ಧೂಮಧಾಮಲೆ ಲಗ್ನ ಆಗ್ತದ. ಲಗ್ನ ಆಗಿದ್ದೇ ತಡ, ಸತ್ತ ರಾಕ್ಷಸ ಎದ್ದು ಕೂಡ್ತಾನ. ಇಬ್ರೂ ಬಡದಾಡ್ತಾರ. ಬಡದಾಡಿ ಬಡದಾಡಿ ಹುಡುಗಗ ಸಾಕಾಗ್ತದ. ಹೆಣ್ತೀನ ಗವಿಯಾಗೇ ಬಿಟ್ಟು ಕುದುರಿ ಹತ್ತಿ ತಾಯಿ ಕಡಿ ಹೋಗ್ತಾನ. ತಾಯಿ ಬಿಸಿ ರೊಟ್ಟಿ ಹಾಕ್ತಾಳ. ಉಂಡು ಆರಾಮ ಮಲಗ್ತಾನ. ಕಥಿ ಖತಂ."

ನನಗೆ ತಲೆ ಗಿರ್ರೆಂದಿತು. ಆಮೇಲೆ ಹೊಳೆಯಿತು. ಚಾಚಾ ಉರ್ದು ಪುಸ್ತಕದ ಹಾಗೆ ಬಲಗಡೆಯಿಂದ ತೆರೆದು ಬಲದಿಂದ ಎಡಕ್ಕೆ ನೋಡಿಕೊಂಡು ಬರುತ್ತಿದ್ದರು. ನಮ್ಮೆಲ್ಲರಿಗೆ ಕೊನೆಯಾದದ್ದು ಅವರಿಗೆ ಮೊದಲು! ಅದೊಂದು ಹಾಳೆ ಇಲ್ಲದಿದ್ದರೆ ಅವರಿಗೇನು ನಷ್ಟ?

"ಚಾಚಾ, ಕನ್ನಡ ಈ ಕಡೆಯಿಂದ ಓದಬೇಕು. ಲಗ್ನ ಆಗೂದು ಕೊನೀಗಿ" ಎಂದು ತೋರಿಸಿಕೊಟ್ಟೆ. ಚಾಚಾ ಕಿವಿಗೆ ಸಿಕ್ಕಿಸಿದ್ದ ಗುರುತು ಹಾಕುವ ಸುಣ್ಣದ ಕಡ್ಡಿ ತೆಗೆದು ಮುಂದಿದ್ದ ಬಟ್ಟೆಗೆ ಒಂದು ಗೆರೆ ಎಳೆದರು.

"ನಿಮ್ಮ ಕಥಿ ಲಗ್ನಕ್ಕ ಮುಗೀತದ. ನಮ್ಮದು ಲಗ್ನದಿಂದ ಶುರು ಆಗ್ತದ. ಖರೇ ಹೇಳ್ರಿ ಮಾಸ್ತರಸಾಬ್, ನಿಮ್ಮ ಮನ್ಯಾಗ ಯಾವುದು ಆಗೇದ?"

ನಾನು ಪ್ಯಾಂಟಿನ ಅಳತೆ ಕೊಟ್ಟು ಮನೆಗೆ ಬಂದೆ.

ಮಹಾನವಮಿಯ ಕುಂಕುಮ

ನನ್ನ ಹೆಂಡತಿ ಮಾತ್ರ ಈ ಪುಸ್ತಕಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. "ಹುಡುಗರು ಓದೂ ಪುಸ್ತಕ ಓದ್ಕೋತ ಕೂಡ್ತೀರಿ, ಮಂದಿ ನಗ್ತಾರ" ಎಂಬುದು ದಿನದ ಮಂಗಳಾರತಿ.

ಒಂದು ಮಹಾನವಮಿಯ ದಿನ ಹೊರಗಿನಿಂದ ಬಂದು ನೋಡುತ್ತೇನೆ, ನನ್ನ ಅರವತ್ತಕ್ಕೂ ಮಿಕ್ಕಿದ ಚಿತ್ರಕಥೆಗಳು ದೇವರ ಮುಂದೆ ಸಾಲಾಗಿ ಕೂತಿವೆ. ದರ್ಜಿ ಮಷಿನ್ನಿಗೆ, ರೈತ ಕೂರಿಗೆಗೆ ಪೂಜೆ ಮಾಡುತ್ತಾನಲ್ಲ, ಮಾಸ್ತರನ ಸಲಕರಣೆ ಪುಸ್ತಕವೇ ತಾನೇ ಎಂದು ಅವಳ ವಿಚಾರ. ಪ್ರತಿ ರಕ್ಷಾಪುಟಕ್ಕೂ ಒದ್ದೆ ಅರಿಶಿನ, ಕುಂಕುಮ! ಕೂಡಿಸುವವನಿಗೆ ರಕ್ಷಾಪುಟ ಎಂದರೆ ಪ್ರಾಣ. ನನ್ನ ಪಿತ್ತ ನೆತ್ತಿಗೇರಿತು. "ಎಲ್ಲಾ ಹೊಲಸು ಮಾಡಿಟ್ಟಿ!" ಎಂದು ಕೂಗಾಡುತ್ತ ಒಂದೊಂದೇ ಎತ್ತಿ ನೋಡಿದೆ.

ನೋಡುತ್ತ ಹೋದ ಹಾಗೆ ನನ್ನ ದನಿ ಇಳಿಯಿತು. ಕುಂಕುಮ ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ರಾಣಿಯರ ಹಣೆಗೆ ಸರಿಯಾಗಿ ಕುಂಕುಮ. ಋಷಿಗೆ ವಿಭೂತಿ. ರಾಕ್ಷಸನಿಗೆ ಏನೂ ಇಲ್ಲ. ಒಂದು ಪುಸ್ತಕದ ಮೇಲೆ ರಾಜಮಾತೆಯ ಚಿತ್ರವಿತ್ತು, ಮೈತುಂಬ ಒಡವೆ. ಅವಳಿಗೆ ಕುಂಕುಮ ಇಡದೆ ಬರೀ ವಿಭೂತಿ ಹಚ್ಚಿದ್ದಳು.

"ಈಕಿಗ್ಯಾಕ ಇಟ್ಟಿಲ್ಲ?"

"ಆಕಿ ಗಂಡ ಎಂಟನೇ ಹಾಳ್ಯಾಗ ಸತ್ತಾನಲ್ರಿ" ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ನಾನು ಶಾಲೆಗೆ ಹೋದ ಮೇಲೆ ಎಲ್ಲವನ್ನೂ ಓದಿ ಮುಗಿಸಿದ್ದಳು ಮಹಾತಾಯಿ! ಅಂದಿನಿಂದ ಹಾರದ ಕಳವಿನ ಬಗ್ಗೆ ಮನೆಯಲ್ಲಿ ಎರಡು ಪಕ್ಷವಾಯಿತು. ನನ್ನದು ದಿವಾನ, ಅವಳದು ಅಡುಗೆಯವ. "ಎರಡು ಹಾಳಿ ಪೂರಾ ಒಂದು ಮಾತೂ ಆಡದ ನಿಂತಾನ. ಇಷ್ಟು ಸುಮ್ಮ ಇದ್ದವರು ಏನರ ಮಾಡೇ ಇರ್ತಾರ" ಎನ್ನುತ್ತಿದ್ದಳು. ಹಾಗೆನ್ನುವಾಗ ನನ್ನನ್ನೇ ನೋಡುತ್ತಿದ್ದಳು.

ಏಳನೇತ್ತದ ಗಣಿತ

ಕೊನೆಗೊಮ್ಮೆ, ನಮ್ಮಂಥ ಚಟದವರೆಲ್ಲ ಒಂದು ಕಡೆ ಸೇರಿ ಮೇಳ ಮಾಡೋಣ, ತಮ್ಮ ತಮ್ಮ ಪುಸ್ತಕ ತಂದು ತೋರಿಸಿ ಅದಲು ಬದಲು ಮಾಡಿಕೊಳ್ಳೋಣ ಎಂದು ಚಾಚಾ ಸೂಚನೆ ಕೊಟ್ಟರು. ಹುಮನಾಬಾದಿನಲ್ಲಿ ಕಾಳುಕಡಿ ದಲಾಲಿ ಮಾಡುವ ಒಬ್ಬ ಅಡತಿ ವ್ಯಾಪಾರಿ ತಮ್ಮ ತೊಗರಿಯ ಗೋದಾಮು ಬಿಟ್ಟುಕೊಟ್ಟರು. ಅವರೂ ನಮ್ಮ ಪೈಕಿಯೇ, ಗಾದಿಯ ಕೆಳಗೆ ಬಚ್ಚಿಟ್ಟುಕೊಂಡು ಓದುವವರು. ನನಗೆ ಇದ್ದದ್ದು ಒಂದೇ ಆಸೆ: ಯಾರ ಕೈಯಲ್ಲಾದರೂ ಆ ಪುಸ್ತಕದ ಕೊನೆ ಸಿಕ್ಕೀತೇ?

ಮೇಳ ಇಟ್ಟದ್ದು ಜೂನ್ ತಿಂಗಳಲ್ಲಿ. ಪೇಂಟರ್ ಹಲಗೆ ಸಣ್ಣದಾಯಿತೆಂದು ಚಿತ್ರಕಥೆ ಎಂಬುದನ್ನು ಬಿಟ್ಟು "ಹಳೇ ಪುಸ್ತಕ ಮೇಳ" ಎಂದಷ್ಟೇ ಬರೆದಿದ್ದ. ಜೂನಿನಲ್ಲಿ ನಮ್ಮ ಕಡೆ ಹಳೇ ಪುಸ್ತಕ ಎಂದರೆ ಮುಗಿಯಿತು, ಹೋದ ವರ್ಷದ ಪಠ್ಯಪುಸ್ತಕ ಅರ್ಧ ಬೆಲೆಗೆ ಹುಡುಕುತ್ತ ತಂದೆ ತಾಯಂದಿರು ಊರೆಲ್ಲ ತಿರುಗುತ್ತಿರುತ್ತಾರೆ. ಬೆಳಗ್ಗೆಯಿಂದ ಅವರದೇ ಸಾಲು. ಹುಡಗಿಯಿಂದ ಬಂದ ಒಬ್ಬ ಯಜಮಾನರು ಬಿಡಲೇ ಇಲ್ಲ.

"ಮಗ ಏಳನೇ ಕ್ಲಾಸಿಗಿ ಬಂದಾನ, ಏಳನೇತ್ತದ ಗಣಿತ ಅದ ಏನ್ರಿ?"

"ಇಲ್ರಿ ಯಜಮಾನ್ರ, ಇವು ಬರೇ ಚಿತ್ರದ ಕಥಿ ಪುಸ್ತಕ."

ಅವರು ಒಂದನ್ನು ಎತ್ತಿ ತಿರುವಿದರು. "ಇದರಾಗ ಲೆಕ್ಕ ಅವ?"

"ಇಲ್ರಿ."

"ಇದಕ್ಕ ಪರೀಕ್ಷಾ ಇರ್ತದ?"

"ಇಲ್ರಿ."

"ಹಂಗಾರ ಇದೇ ಕೊಡ್ರಿ. ಮಗ ಇದರಾಗರ ಪಾಸ್ ಆಗ್ಲಿ" ಎಂದು ಎದೆಗೆ ಅವುಚಿಕೊಂಡು ಹೋದರು.

ಒಪ್ಪಿಸಿದ ಪುಸ್ತಕ

ಮಧ್ಯಾಹ್ನದ ಹೊತ್ತಿಗೆ ಗೋಣಿಚೀಲ ಹಾಸಿಕೊಂಡು ಮೂವತ್ತು ಮಂದಿ ತಮ್ಮ ತಮ್ಮ ಪುಸ್ತಕ ಹರಡಿ ಕೂತಿದ್ದೆವು. ಬಾಗಿಲಲ್ಲಿ ಒಂದು ನೆರಳು ಬಿತ್ತು. ಬಿಳಿ ಟೊಪ್ಪಿಗೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ತಗಡಿನ ಪೆಟ್ಟಿಗೆ. ಕಾಕಾ! ಹುಲಸೂರಿನ ಮಗಳ ಮನೆಯಲ್ಲಿದ್ದವರು, ಬಸ್ ಕಂಡಕ್ಟರನ ಬಾಯಿಂದ ಸುದ್ದಿ ಕೇಳಿ ಬಂದಿದ್ದರು.

ನೋಡನೋಡುತ್ತ ಒಬ್ಬರು ತಮ್ಮ ಪುಸ್ತಕದ ಮೇಲೆ ಕೂತುಬಿಟ್ಟರು. ರಿಟೈರಾಗಿದ್ದ ಜಮಾದಾರರು ಒಂದನ್ನು ಅಂಗಿಯೊಳಗೆ ಸೇರಿಸಿದರು. ಅಡತಿ ವ್ಯಾಪಾರಿ ಗೋಣಿಚೀಲ ಎಳೆದು ಮುಚ್ಚಿದರು. ಅಂಗಡಿ ಮುಚ್ಚಿದ ದಿನ ಯಾರ್ಯಾರ ಮನೆಯಲ್ಲಿ ಪುಸ್ತಕ ಉಳಿದಿತ್ತೋ ಅವರೇ ಇವತ್ತಿನ ದೊಡ್ಡ ದೊಡ್ಡ ಸಂಗ್ರಾಹಕರು. ಎದ್ದು ನಿಂತು ಧೈರ್ಯವಾಗಿ ಸಲಾಮು ಮಾಡಿದವರು ಚಾಚಾ ಒಬ್ಬರೇ.

ಕಾಕಾ ನಡುವೆ ಕೂತು ಪೆಟ್ಟಿಗೆ ತೆಗೆದರು. ನಂಬರಿನ ಪ್ರಕಾರ ಜೋಡಿಸಿದ ಕೊನೇ ಹಾಳೆಗಳು, ಹುಳ ಹತ್ತಬಾರದೆಂದು ನಡುನಡುವೆ ಬೇವಿನ ಎಲೆ. ಒಂದೂ ಮುಕ್ಕಾಗಿರಲಿಲ್ಲ.

"ಇಷ್ಟು ವರ್ಷ ಯಾಕ ಇಟ್ಕೊಂಡ್ರಿ ಕಾಕಾ?" ಎಂದು ಕೇಳಿದೆ.

"ಮಂದಿ ಬರ್ತಾರಂತ. ಅರ್ಧಾ ಕಥಿ ಓದಿ ಯಾರಿಗಿ ನಿದ್ದಿ ಬರ್ತದ್ರಿ?"

ನನ್ನ ಕಣ್ಣು ತುಂಬಿ ಬಂತು. ಇಂಥ ಮನುಷ್ಯನ ಪುಸ್ತಕ ಇಟ್ಟುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಜೋಳಿಗೆಯಿಂದ ಪುಸ್ತಕ ತೆಗೆದು ಎರಡೂ ಕೈಯಿಂದ ಒಪ್ಪಿಸಿದೆ. "ನೂರಾ ಹದಿನೇಳು, ಕಾಕಾ."

ಕಾಕಾ ತಿರುವಿ ನೋಡಿದರು. "ಭಾಳ ಜಲ್ದಿ ತಂದ್ರಿ, ಮಾಸ್ತರ."

ಪೆಟ್ಟಿಗೆಯಿಂದ ಹಾಳೆ ತೆಗೆದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. "ನಿಲ್ರಿ. ನಾ ಒಂದೂ ಪುಸ್ತಕ ಪೂರಾ ಓದಿಲ್ಲ. ಗಂಟು ಬಂತು, ಹಾಳಿ ಕತ್ತರಿಸಿದೆ, ಮಂದಿ ಒಯ್ದರು. ನನಗ ಎಲ್ಲಾ ಕೊನೆ ಗೊತ್ತವ, ಒಂದರದೂ ಮೊದಲು ಗೊತ್ತಿಲ್ಲ. ಇವತ್ತ ಮೊದಲ ನಾ ಓದ್ತೀನಿ."

ಪುಸ್ತಕವನ್ನು ಮಾರುದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದತೊಡಗಿದರು. ಮೂವತ್ತೂ ಮಂದಿ ಸುತ್ತುವರಿದರು. ನನ್ನ ಹನ್ನೊಂದು ವರ್ಷ ಒಂದು ತೂಕ, ಆ ಒಂದು ತಾಸು ಒಂದು ತೂಕ. ಅಂತೂ ಗೂಢಚಾರ ಬೆರಳೆತ್ತಿದ. ಕಾಕಾ ಪುಸ್ತಕ ಕೆಳಗಿಟ್ಟು, ಕೊನೇ ಹಾಳೆಯನ್ನು ತಾವೇ ಎತ್ತಿ ನೋಡಿ, ತೊಡೆ ಚಪ್ಪರಿಸಿದರು.

"ಏ ಇವನ! ಈ ಅಡಗಿಯಂವ ಹಾರ ಕದ್ದಾನೇನು? ನಾ ಇಷ್ಟು ವರ್ಷ ಇವನ ಲಗ್ನ ಅಂತ ತಿಳಕೊಂಡಿದ್ದೆ!"

"ಹೇಳೇಬಿಟ್ರಲ್ಲ ಕಾಕಾ!" ಎಂದು ಜಮಾದಾರರು ತಲೆ ಚಚ್ಚಿಕೊಂಡರು. ನಾನು ಹಾಳೆ ಕಸಿದು, ಚಷ್ಮಾ ಸರಿಮಾಡಿಕೊಂಡು ನೋಡಿದೆ. ದೊಡ್ಡ ರುಮಾಲಿನ ಅಡುಗೆಯವ ತಲೆ ತಗ್ಗಿಸಿ ನಿಂತಿದ್ದಾನೆ, ಅಕ್ಕಪಕ್ಕ ಇಬ್ಬರು ರಟ್ಟೆ ಹಿಡಿದಿದ್ದಾರೆ, ಎದುರಿಗೆ ರಾಣಿ ಹಾರ ಎತ್ತಿ ಹಿಡಿದಿದ್ದಾಳೆ. ಮದುಮಗನೂ ಹೆಚ್ಚು ಕಡಿಮೆ ಹಾಗೇ ನಿಲ್ಲುತ್ತಾನೆ, ಕಾಕಾನದೇನು ತಪ್ಪು! ಅಳಬೇಕೆಂದು ಬಾಯಿ ತೆರೆದವನು ನಕ್ಕುಬಿಟ್ಟೆ. ಗೋದಾಮೇ ನಕ್ಕಿತು. ಆ ನಗುವಿನಲ್ಲೇ ಅಂಗಿಯೊಳಗಿಂದ, ಗೋಣಿಚೀಲದೊಳಗಿಂದ ಒಂದೊಂದೇ ಪುಸ್ತಕ ಹೊರಬಿದ್ದು ಕಾಕಾನ ಮುಂದೆ ರಾಶಿಯಾಯಿತು.

ಕಾಕಾ ಅಂಟು ತರಿಸಿ, ನನ್ನ ಪುಸ್ತಕಕ್ಕೆ ಕೊನೇ ಹಾಳೆಯನ್ನು ಬರಾಬರ್ ಹಚ್ಚಿದರು. "ಮೂರು ದಿನಕ್ಕ ಒಯ್ರಿ, ಮನ್ಯಾಗ ತೋರಿಸ್ರಿ. ಆದರ ಕೊನೆ ನಿಮಗ ಗೊತ್ತಾತು, ಇನ್ನ ಅದರ ಆಸೀಗಿ ನೀವು ಬರಂಗಿಲ್ಲ. ಚಷ್ಮಾ ತೆಗದು ಇಟ್ಟು ಹೋಗ್ರಿ."

"ಚಷ್ಮಾ ಇಲ್ದ ನಾ ಓದೂದು ಹ್ಯಾಂಗ ಕಾಕಾ?"

"ಓದಿದಂವ ಯಾರೂ ಪುಸ್ತಕ ಮರಳಿ ತಂದಿಲ್ಲ, ಮಾಸ್ತರ. ಓದಲಾರದಂವ ತಾನಾಗೇ ತರ್ತಾನ."

ಆಹಾ, ಏನು ತಲೆ! ತಡವರಿಸುತ್ತ ಮನೆಗೆ ಬಂದೆ. ಹೆಂಡತಿ ಪೂರ್ತಿ ಗಟ್ಟಿಯಾಗಿ ಓದಿ ಹೇಳಿ, "ನಾ ಹೇಳಿದ್ದಿಲ್ಲಾ?" ಎಂದು ಗೆದ್ದಳು. ಮರುದಿನ ಮೊದಲ ಬಸ್ಸಿಗೇ ಹುಲಸೂರಿಗೆ ಓಡಿದೆ. ಕಾಕಾ ಕಟ್ಟೆಯ ಮೇಲೆ ನನ್ನ ಚಷ್ಮಾ ಏರಿಸಿಕೊಂಡು, ಮಂದಿ ಒಪ್ಪಿಸಿದ ಪುಸ್ತಕದ ರಾಶಿಯ ನಡುವೆ ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಬಾಡಿತು.

"ಇಷ್ಟ ಜಲ್ದಿ ಯಾಕ ಬಂದ್ರಿ ಮಾಸ್ತರ? ಮೂರು ದಿನ ಅಂದಿದ್ದೆನಲ್ಲ! ನಂದಿನ್ನಾ ಹದಿನಾಲ್ಕು ಪುಸ್ತಕ ಓದೂದು ಉಳದಾವ!"