ತಡೆಯುವ ಪ್ರೋಟೀನೂ ನನ್ನ ಹೇರ್‌ಪಿನ್ನೂ

ಸುಮ್ಮನಿರುವುದೂ ಒಂದು ಕೆಲಸ ಎಂಬುದು ನನಗೆ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಅಲ್ಲಿಯವರೆಗೆ ಅದನ್ನು ಬೇರೆ ಕೆಲಸವಿಲ್ಲದವರು ಮಾಡುತ್ತಾರೆ ಎಂದುಕೊಂಡಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲೇ ನಾಲ್ಕು ವಿದ್ಯುತ್ ಮಗ್ಗಗಳಿವೆ. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಎಷ್ಟು ಪಳಗಿದೆಯೆಂದರೆ, ನಮ್ಮ ಹಾಲಿನವನಿಗೆ "ಅರ್ಧ ಲೀಟರ್ ಸಾಕಪ್ಪಾ" ಎಂದರೆ ಎದುರು ಮನೆಯಾಕೆ "ನಮ್ಗೂ ಅಷ್ಟೇ ಸಾಕು ಕಣ್ರೀ" ಎನ್ನುತ್ತಾರೆ. ಗಂಟಲು ಸೋತಾಗ ಕೈಸನ್ನೆ. ಮುಷ್ಟಿ ಕಟ್ಟಿ ತಲೆಯ ಮೇಲೆ ಎತ್ತಿದರೆ ನಮ್ಮಲ್ಲಿ ಒಂದೇ ಅರ್ಥ: ಎಳೆ ಹರಿದಿದೆ, ಮಗ್ಗ ನಿಲ್ಲಿಸು. ಆ ಮುಷ್ಟಿ ಕಂಡರೆ ನಮ್ಮ ಯಜಮಾನರು ಬಾಯಿಗೆ ಹೊರಟ ತುತ್ತನ್ನೂ ಅರ್ಧ ದಾರಿಯಲ್ಲಿ ನಿಲ್ಲಿಸಿಬಿಡುತ್ತಾರೆ.

ಮಗಳು ರೂಪಾ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಕನ್ನಡದಲ್ಲಿ ವಿಜ್ಞಾನ ಹೇಳುವ ಸ್ಪರ್ಧೆ ಇತ್ತು. ಹತ್ತು ನಿಮಿಷ ಮೀರಿದರೆ ಅಂಕ ಕಡಿತ. ಗೆದ್ದ ಒಬ್ಬರಿಗೆ ಮಾತ್ರ ಬೆಂಗಳೂರಿನ ಸುತ್ತು. ಕಳೆದ ವರ್ಷ ಸಮಯ ಮೀರಿ ಸೋತು ಬಂದು ಎರಡು ದಿನ ಮುಖ ಊದಿಸಿಕೊಂಡಿದ್ದವಳು ಈ ಸಲ ಹಟ ಹಿಡಿದಿದ್ದಳು. ನಾನು ಬಾಬಿನ್ ಸುತ್ತುವಾಗಲೆಲ್ಲ ಎದುರು ನಿಂತು ಅಭ್ಯಾಸ ಮಾಡುತ್ತಿದ್ದಳು.

"ಜೀವಕೋಶಕ್ಕೆ ಹೊರಗಿಂದ 'ಬೆಳಿ' ಅಂತ ಸಂದೇಶ ಬರುತ್ತೆ ಅಮ್ಮ. ಒಂದು ಪ್ರೋಟೀನ್‌ನಿಂದ ಇನ್ನೊಂದಕ್ಕೆ ದಾಟ್ಕೊಂಡು ಒಳಗೆ ಹೋಗುತ್ತೆ. ಅದು ನಿಲ್ದೇ ಇದ್ರೆ ಕೋಶ ಬೆಳೀತಾನೇ ಇರುತ್ತೆ, ಕಾಯಿಲೆ ಆಗುತ್ತೆ. ಅದಕ್ಕೇ 'ಸಾಕು' ಅನ್ನೋ ಪ್ರೋಟೀನ್‌ಗಳಿವೆ. ತಮಾಷೆ ಏನ್ ಗೊತ್ತಾ? ಅವುಗಳಲ್ಲಿ ಕೆಲವು ಹುಟ್ಟೋದೇ ಆ ಸಂದೇಶದಿಂದ. ಹುಟ್ಟಿದ್ಮೇಲೆ ಹುಟ್ಟಿಸಿದವರ ಬಾಯೇ ಮುಚ್ಸುತ್ವೆ."

"ಗೊತ್ತು ಬಿಡೇ," ಎಂದೆ. "ಅಂಥದ್ದೊಂದನ್ನ ಹೆತ್ತು ಇಪ್ಪತ್ಮೂರು ವರ್ಷದಿಂದ ಸಾಕ್ತಾ ಇದೀನಿ."

ಅವಳು ನಗಲಿಲ್ಲ. "ನಾಳೆ ನೀನು ಹಿಂದೆ ಕೂತ್ಕೊ. ಒಂಬತ್ತು ನಿಮಿಷಕ್ಕೆ ಮುಷ್ಟಿ ಎತ್ತು, ನಾನು ಮುಗಿಸ್ತೀನಿ. ಅಷ್ಟೇ ನಿನ್ ಕೆಲ್ಸ. ಬಾಯಿ ಮಾತ್ರ ತೆಗೀಬೇಡ ಕಣಮ್ಮ, ಪ್ಲೀಸ್."

ಮರುದಿನ ನಾನು ನಿಜಕ್ಕೂ ಬಾಯಿ ತೆಗೆಯಲಿಲ್ಲ. ಪಕ್ಕದಾಕೆಗೆ "ನನ್ ಮಗಳು" ಎಂದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಆದರೆ ಹೆಮ್ಮೆಯಿಂದ ತಲೆಯಾಡಿಸಿದ ರಭಸಕ್ಕೆ ತುರುಬಿನ ಪಿನ್ನು ಜಾರಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಸಿಕ್ಕಿಸಲು ಕೈಯನ್ನು ತಲೆಯ ಮೇಲೆ ಎತ್ತಿದೆ. ಆಗಿನ್ನೂ ನಾಲ್ಕೇ ನಿಮಿಷ ಆಗಿತ್ತು.

"ಆಗ ಈ ಪ್ರೋಟೀನ್ ಬಂದು..." ಎನ್ನುತ್ತಿದ್ದ ರೂಪಾ ಗಕ್ಕನೆ ನಿಂತಳು. ಮಗ್ಗದ ಮನೆಯ ಮಗು. ಮುಷ್ಟಿ ಕಂಡರೆ ಬುದ್ಧಿಗಿಂತ ಮೊದಲು ನಾಲಿಗೆ ನಿಲ್ಲುತ್ತದೆ.

"ಬಂದು?" ಎಂದರು ತೀರ್ಪುಗಾರರು. ರೂಪಾ ನನ್ನನ್ನೇ ನೋಡುತ್ತಿದ್ದಳು.

"ನಿಲ್ಲಿಸ್ಬೇಡ ಕಣೇ, ಇದು ಪಿನ್ನು!" ಎಂದುಬಿಟ್ಟೆ. ನಾಲ್ಕು ಮಗ್ಗಗಳ ಮೇಲೆ ಹೇಳುವ ದನಿಯಲ್ಲೇ.

ಸಭಾಂಗಣದ ನಗು ನಿಲ್ಲಲು ಹೊತ್ತು ಹಿಡಿಯಿತು. ಭೂಮಿ ಬಾಯಿಬಿಡಲಿ ಎಂದು ನಾನು ಸೀರೆಯ ನೆರಿಗೆ ನೋಡುತ್ತ ಕುಳಿತೆ. ಅಷ್ಟರಲ್ಲಿ ರೂಪಾಳ ದನಿ ಕೇಳಿತು: "ಬಂದು ಇದನ್ನೇ ಮಾಡುತ್ತೆ ಸರ್, ನಡೀತಾ ಇರೋ ಸಂದೇಶಾನ ತಡೆಯುತ್ತೆ. ಆದ್ರೆ ಹೊತ್ತು ನೋಡಿ ಬರ್ಬೇಕು. ಬೇಗ ಬಂದ್ರೂ ತೊಂದ್ರೇನೇ. ಅಲ್ಲಿ ಕೂತಿದಾರಲ್ಲ, ಅವ್ರು ಸ್ವಲ್ಪ ಬೇಗ ಬಂದ್ರು."

ಉಳಿದ ಹೊತ್ತೆಲ್ಲ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಒಂಬತ್ತು ನಿಮಿಷದ ಸನ್ನೆಯೂ ಹೋಯಿತು. ಅವಳೇ ಗಡಿಯಾರ ನೋಡಿ ಮುಗಿಸಿದಳು, ಗೆದ್ದಳು.

ಮನೆಗೆ ಬರುವಾಗ ಆಟೋದಲ್ಲಿ ನನ್ನ ಭುಜಕ್ಕೆ ಒರಗಿ, "ಬೆಂಗ್ಳೂರಿಗೆ ಮಾತ್ರ ನೀನು ಬರ್ಬೇಡಮ್ಮ" ಎಂದಳು. "ಆಯ್ತು" ಎಂದೆ, ಒಂದೇ ಮಾತಿನಲ್ಲಿ. ನನ್ನಿಂದ ಅಷ್ಟು ಚಿಕ್ಕ ಉತ್ತರ ಬಂದದ್ದಕ್ಕೆ ಅವಳು ಎದ್ದು ಕೂತು ಅನುಮಾನದಿಂದ ನೋಡಿದಳು. ನಾನೇನೂ ಹೋಗುವುದಿಲ್ಲ. ಬೆಳಗಿನ ರೈಲು ಎಷ್ಟು ಹೊತ್ತಿಗೆ ಎಂದು ಸುಮ್ಮನೆ ಕೇಳಿಟ್ಟುಕೊಂಡಿದ್ದೇನೆ, ಅಷ್ಟೇ.